ಹೊಸ ಮೋಟ್ರು, ಅದೇ ನೀರು

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಸೋದರಮಾವ ಜಗುಲಿ ಮೇಲೆ ಕೂತು ಮಾತ್ರೆ ವಿಂಗಡಿಸ್ತಿದ್ರು. ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು ಅಂತ ಮೂರು ಗುಡ್ಡೆ. ಪಕ್ಕದಲ್ಲಿ ಇನ್ನೊಂದು ಪಟ್ಟಿ ಸುಮ್ಮನೆ ಬಿದ್ದಿತ್ತು, ಅದು ಯಾವ ಗುಡ್ಡೆಗೂ ಸೇರಿರಲಿಲ್ಲ.

"ಇದ್ಯಾಕೆ ಮಾವ ಬೇರೆ ಇಟ್ಟಿದ್ದೀರಿ?"

"ಅದು ಕೊಲೆಸ್ಟ್ರಾಲ್ ಮಾತ್ರೆ ಕಣಪ್ಪ. ಬಿಟ್ಟೆ ಅದನ್ನ."

ಮಾವನಿಗೆ ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಆಗಿ ಆಗ ಎರಡು ವರ್ಷ. ಎರಡು ಸಲ ಹಾರ್ಟ್ ಅಟ್ಯಾಕ್ ಆಗಿ, ಹೃದಯ ಪಂಪ್ ಮಾಡೋದೇ ನಿಂತುಹೋಗೋ ಸ್ಥಿತಿಗೆ ಬಂದು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾದು, ಕೊನೆಗೆ ಒಂದು ರಾತ್ರಿ ಫೋನ್ ಬಂದಿತ್ತು. ಬೈಕ್ ಅಪಘಾತದಲ್ಲಿ ಮೆದುಳು ನಿಷ್ಕ್ರಿಯವಾದ ಯಾರೋ ಹುಡುಗನ ಹೃದಯ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ವಯಸ್ಸು ಮಾತ್ರ ಕಿವಿಗೆ ಬಿತ್ತು. ಇಪ್ಪತ್ಮೂರು.

"ನಂದು ಹಳೇ ಹಾರ್ಟು ಬ್ಲಾಕ್ ಆಗಿತ್ತು, ನಿಜ. ಅದನ್ನ ತೆಗ್ದೇ ಬಿಸಾಕಿದ್ರಲ್ಲ. ಈಗಿರೋದು ಇಪ್ಪತ್ಮೂರು ವರ್ಷದ ಹುಡುಗಂದು. ಅವನಿಗ್ಯಾವ ಕೊಲೆಸ್ಟ್ರಾಲು? ನೀನ್ ಇಂಜಿನಿಯರ್ ಅಲ್ವಾ, ನೀನೇ ಹೇಳು."

ನಾನು ಬಾಯಿ ಮುಚ್ಚಿಕೊಂಡು ಕೂತೆ. ನಿಜ ಹೇಳ್ಬೇಕು ಅಂದ್ರೆ ಅವರ ತರ್ಕದಲ್ಲಿ ನನಗೆ ಒಂದೂ ತಪ್ಪು ಸಿಗಲಿಲ್ಲ. ಕೆಟ್ಟುಹೋದ ಭಾಗ ತೆಗೆದು ಹೊಸದು ಹಾಕಿದ ಮೇಲೆ ಹಳೇ ಟಿಕೆಟ್ ಕ್ಲೋಸ್ ಆಗಲೇಬೇಕು. ಆಫೀಸಿನಲ್ಲಿ ನಾವು ದಿನಾ ಮಾಡೋದು ಅದೇ ತಾನೆ. "ಡಾಕ್ಟರ್ ಹೇಳಿದ್ದು ತಗೊಳ್ಳಿ ಮಾವ" ಅಂದೆ. ಅದು ಉತ್ತರ ಅಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಓದೋಕೆ ಶುರು ಮಾಡಿದೆ. ನಾನು ಡಾಕ್ಟರ್ ಅಲ್ಲ. ಆದರೆ ಯಾವುದಾದರೂ ಸಿಸ್ಟಮ್ ಯಾಕೆ ಹೀಗಿದೆ ಅಂತ ಗೊತ್ತಾಗದಿದ್ರೆ ಅದರ ಹಳೇ ಇತಿಹಾಸ ತೆಗೆದು ನೋಡೋ ಚಟ ನಮ್ಮ ಕಸುಬಿನದು. ಹಾಗೆ ನೋಡ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಮಾವ ಜಗುಲಿ ಮೇಲೆ ಕೂತು ಕೇಳಿದ ಪ್ರಶ್ನೆಯನ್ನ 1969ರಲ್ಲೇ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಒಂದು ಶವಪರೀಕ್ಷೆಯ ಮೇಜು ಕೇಳಿತ್ತು.

ಕೇಪ್‌ಟೌನಿನ ಮೊದಲ ಅಧ್ಯಾಯ ನಿಮಗೆ ಗೊತ್ತಿರಬಹುದು, ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಉರು ಹೊಡೆದಿರ್ತೀವಿ. 1967ರ ಡಿಸೆಂಬರ್ 3, ಗ್ರೂಟ್ ಸ್ಕೂರ್ ಆಸ್ಪತ್ರೆ, ಸರ್ಜನ್ ಕ್ರಿಶ್ಚಿಯನ್ ಬರ್ನಾರ್ಡ್. ಕೇಕ್ ಕೊಂಡು ಬರ್ತಿದ್ದಾಗ ರಸ್ತೆಯಲ್ಲಿ ಕಾರು ಬಡಿದು ಮೆದುಳಿಗೆ ಪೆಟ್ಟಾದ ಡೆನಿಸ್ ಡಾರ್ವಾಲ್ ಅನ್ನೋ ಹುಡುಗಿಯ ಹೃದಯವನ್ನ ಲೂಯಿ ವಾಷ್ಕಾನ್ಸ್ಕಿ ಅನ್ನೋ ದಿನಸಿ ವ್ಯಾಪಾರಿಗೆ ಕಸಿ ಮಾಡಿದರು. ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ. ಹದಿನೆಂಟು ದಿನಕ್ಕೆ ವಾಷ್ಕಾನ್ಸ್ಕಿ ನ್ಯುಮೋನಿಯಾದಿಂದ ತೀರಿಕೊಂಡರು. ಹೊಸ ಹೃದಯವನ್ನ ದೇಹ ತಿರಸ್ಕರಿಸದಿರಲಿ ಅಂತ ಕೊಟ್ಟ ಔಷಧಿಗಳೇ ರೋಗ ನಿರೋಧಕ ಶಕ್ತಿಯನ್ನ ನೆಲಕಚ್ಚಿಸಿದ್ದವು.

ನಮಗೆ ಬೇಕಾದ ಕಥೆ ಎರಡನೆಯವರದು. ಇದು ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಬರೋದಿಲ್ಲ, ಯಾಕಂದ್ರೆ ಎರಡನೆಯವರ ಹೆಸರು ಯಾರಿಗೂ ಬೇಡ.

ಫಿಲಿಪ್ ಬ್ಲೈಬರ್ಗ್, 58 ವರ್ಷದ ಹಲ್ಲಿನ ಡಾಕ್ಟರ್. ಹೃದಯದ ರಕ್ತನಾಳ ಕಟ್ಟಿಕೊಂಡು ಹಾಸಿಗೆ ಹಿಡಿದಿದ್ದವರು, ಥೇಟ್ ನಮ್ಮ ಮಾವನ ಹಾಗೆ. 1968ರ ಜನವರಿ 2ರಂದು ಅವರಿಗೆ ಹೊಸ ಹೃದಯ ಬಂತು. ಕೊಟ್ಟವನು ಕ್ಲೈವ್ ಹಾಪ್ಟ್, ವಯಸ್ಸು 24. ಹೊಸ ವರ್ಷದ ದಿನ ಕಡಲತೀರದಲ್ಲಿದ್ದಾಗ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದುಬಿದ್ದಿದ್ದ. ಅವನು ಅಲ್ಲಿಯ ಕಾನೂನಿನ ಪ್ರಕಾರ 'ಕಲರ್ಡ್', ಅಂದರೆ ಮಿಶ್ರವರ್ಣದವನು. ಬ್ಲೈಬರ್ಗ್ ಬಿಳಿಯರು. ವರ್ಣಭೇದ ನೀತಿ ಉತ್ತುಂಗದಲ್ಲಿದ್ದ ಕಾಲ ಅದು. ಇಬ್ಬರೂ ಕೂರುವ ಬೆಂಚು ಬೇರೆ, ಸಮುದ್ರ ಸ್ನಾನದ ಜಾಗ ಬೇರೆ, ಆಸ್ಪತ್ರೆಯ ವಾರ್ಡು ಬೇರೆ. ಬದುಕಿದ್ದಾಗ ಪಕ್ಕದಲ್ಲಿ ಕೂರೋಕೆ ಬಿಡದ ವ್ಯವಸ್ಥೆ, ಸತ್ತ ಮೇಲೆ ಎದೆಯೊಳಗೆ ಕೂರಿಸಿಕೊಂಡಿತು. ಪ್ರಪಂಚದ ಪತ್ರಿಕೆಗಳು ಇದನ್ನ ಚಪ್ಪರಿಸಿಕೊಂಡು ಬರೆದವು. ನಮ್ಮೂರಲ್ಲಿ ಇವತ್ತಿಗೂ ಕೆಲವು ಮನೆಗಳಲ್ಲಿ ಲೋಟ ಬೇರೆ ಇಡ್ತಾರೆ ಅನ್ನೋದನ್ನ ನೆನೆಸಿಕೊಂಡು ನಾನು ಈ ಭಾಗವನ್ನ ಎರಡು ಸಲ ಓದಿದೆ. ಮಾವನೊಳಗಿರೋ ಹುಡುಗ ಯಾವ ಜಾತಿಯವನೋ, ಯಾವ ಧರ್ಮದವನೋ ನಮಗೆ ಗೊತ್ತಿಲ್ಲ. ಅಜ್ಜಿ ಒಂದು ಸಲ ಕೇಳಿದ್ರು. ಆಮೇಲೆ ಕೇಳಲಿಲ್ಲ.

ಬ್ಲೈಬರ್ಗ್ ಎದ್ದು ಮನೆಗೆ ಹೋದರು. ಹೃದಯ ಕಸಿ ಮಾಡಿಸಿಕೊಂಡು ಆಸ್ಪತ್ರೆಯಿಂದ ನಡೆದು ಹೊರಗೆ ಬಂದ ಮೊದಲ ಮನುಷ್ಯ ಅವರೇ. ಕಾರು ಓಡಿಸಿದರು, ಸಮುದ್ರಕ್ಕಿಳಿದು ಈಜಿದರು, ಅದರ ಫೋಟೋ ಎಲ್ಲ ಕಡೆ ಬಂತು, ಒಂದು ಪುಸ್ತಕ ಕೂಡ ಬರೆದರು. ಅವರನ್ನ ನೋಡಿ ಧೈರ್ಯ ಬಂದ ಸರ್ಜನ್‌ಗಳು 1968 ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ನೂರರ ಆಸುಪಾಸು ಹೃದಯ ಕಸಿ ಮಾಡಿದರು. ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಆ ಫೆಬ್ರವರಿಯಲ್ಲೇ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಕಸಿ ಮಾಡಿದ್ದರು, ರೋಗಿ ಕೆಲವೇ ಗಂಟೆ ಬದುಕಿದ್ದು. ಬರ್ನಾರ್ಡ್ ಆದ ಎರಡೂವರೆ ತಿಂಗಳಿಗೆ! ಆ ಸೇನ್ ಹೆಸರು ನಾನು ಕೇಳಿದ್ದು ಮೂವತ್ತು ದಾಟಿದ ಮೇಲೆ.

1969ರ ಆಗಸ್ಟ್ 17ರಂದು ಬ್ಲೈಬರ್ಗ್ ತೀರಿಕೊಂಡರು. ಕಸಿ ಆಗಿ 19 ತಿಂಗಳು 15 ದಿನ.

ಶವಪರೀಕ್ಷೆ ಮಾಡಿದವರು ಕೇಪ್‌ಟೌನಿನ ರೋಗಶಾಸ್ತ್ರಜ್ಞ ಜೆ.ಜಿ. ಥಾಮ್ಸನ್. ಹೃದಯವನ್ನ ತೆರೆದು ಅದರ ಸ್ವಂತ ರಕ್ತನಾಳಗಳನ್ನ, ಅಂದರೆ ಹೃದಯದ ಮಾಂಸಕ್ಕೇ ರಕ್ತ ಕೊಡುವ ಕೊರೋನರಿ ನಾಳಗಳನ್ನ ನೋಡಿದರೆ, ಅವು ಕೊಬ್ಬು ತುಂಬಿ ದಪ್ಪಗಟ್ಟಿ ಕಿರಿದಾಗಿಬಿಟ್ಟಿದ್ದವು. ಹೃದಯದ ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ನಾಳಗಳ ಸ್ಥಿತಿ ಮಾತ್ರ ಮುದುಕನದು. ನಮ್ಮಲ್ಲಿ ಮೂವತ್ತು ನಲವತ್ತು ವರ್ಷ ನಿಧಾನವಾಗಿ ನಡೆಯೋ ಕೆಲಸ ಅಲ್ಲಿ ಒಂದೂವರೆ ವರ್ಷದಲ್ಲಿ ಮುಗಿದುಹೋಗಿತ್ತು. ಥಾಮ್ಸನ್ ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನ ಬರೆದರು. ಕಸಿ ಮಾಡಿದ ಮನುಷ್ಯ ಹೃದಯದಲ್ಲಿ ತೀವ್ರ ಕೊಬ್ಬಿನ ಗಡ್ಡೆ ಹುಟ್ಟಿದ್ದು ಹೇಗೆ, ಅನ್ನೋದೇ ಅದರ ವಿಷಯ.

ಮಾವನ ತರ್ಕ ಮುರಿದುಬಿದ್ದಿದ್ದು ಇಲ್ಲೇ.

ನಮ್ಮ ಕಡೆ, ಅರಸೀಕೆರೆ ಸುತ್ತಮುತ್ತ, ತೆಂಗಿನ ತೋಟ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಬೋರ್‌ವೆಲ್ ನೀರು ಗಡುಸು. ಡ್ರಿಪ್ ಪೈಪು ಹಾಕಿದ ಎರಡೇ ವರ್ಷಕ್ಕೆ ಒಳಗೆಲ್ಲ ಬಿಳೀ ಉಪ್ಪು ಕಟ್ಟಿ ತೂತು ಮುಚ್ಚಿಹೋಗುತ್ತೆ. ಮೋಟ್ರು ಸುಟ್ಟುಹೋಯ್ತು ಅಂತ ಹೊಸ ಮೋಟ್ರು ಇಳಿಸ್ತೀರಿ, ಪೈಪನ್ನೂ ಹೊಸದು ಹಾಕ್ತೀರಿ. ಬೋರು ಅದೇ, ನೀರು ಅದೇ. ಹೃದಯ ಹುಡುಗನದಾದರೂ ಅದರಲ್ಲಿ ಹರಿಯೋ ರಕ್ತ ಮಾವನ ಲಿವರ್ ತಯಾರಿಸಿದ ಕೊಲೆಸ್ಟ್ರಾಲ್ ಹೊತ್ತ ರಕ್ತ. ಅಷ್ಟೇ ಅಲ್ಲ, ದೇಹ ತಿರಸ್ಕರಿಸದಿರಲಿ ಅಂತ ಕೊಡೋ ಸ್ಟೀರಾಯ್ಡ್ ಕೊಲೆಸ್ಟ್ರಾಲನ್ನ ಇನ್ನಷ್ಟು ಏರಿಸುತ್ತೆ. ಹೊಸ ಪೈಪು ಹಾಕಿ, ನೀರಿಗೆ ಇನ್ನೊಂದು ಹಿಡಿ ಉಪ್ಪು ನಾವೇ ಸುರಿದ ಹಾಗೆ.

ಆದರೆ ಗಡುಸು ನೀರು ಒಂದೇ ಕಾರಣ ಆಗಿದ್ದರೆ ಹತ್ತು ಹದಿನೈದು ವರ್ಷವಾದರೂ ಬೇಕಿತ್ತು. 19 ತಿಂಗಳು ಯಾಕೆ ಸಾಕಾಯ್ತು?

ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಮೊಲಗಳು. ಕೊಲೆಸ್ಟ್ರಾಲಿನ ಇತಿಹಾಸದಲ್ಲಿ ಮೊಲಕ್ಕೆ ದೊಡ್ಡ ಜಾಗ ಇದೆ. 1913ರಲ್ಲೇ ರಷ್ಯಾದ ನಿಕೊಲಾಯ್ ಅನಿಚ್ಕೋವ್, ಶುದ್ಧ ಕೊಲೆಸ್ಟ್ರಾಲನ್ನ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿ, ಅವುಗಳ ರಕ್ತನಾಳ ಮನುಷ್ಯರ ಹಾಗೇ ಕಟ್ಟಿಕೊಳ್ಳೋದನ್ನ ತೋರಿಸಿದ್ದರು. ಹುಲ್ಲು ತಿನ್ನೋ ಪ್ರಾಣಿಗೆ ಎಣ್ಣೆ ಕುಡಿಸಿದರೆ ಇನ್ನೇನಾಗುತ್ತೆ ಅಂತ ಜನ ಆಡಿಕೊಂಡರು, ದಶಕಗಳ ಕಾಲ ಅದನ್ನ ಪಕ್ಕಕ್ಕಿಟ್ಟರು. 1970ರ ದಶಕದಲ್ಲಿ ಅಮೆರಿಕದಲ್ಲಿ ಮಿನಿಕ್ ಅನ್ನೋ ರೋಗಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಇದಕ್ಕೊಂದು ತಿರುವು ಕೊಟ್ಟರು. ಮೊದಲು ರೋಗ ನಿರೋಧಕ ವ್ಯವಸ್ಥೆಯನ್ನ ಕೆರಳಿಸಿ ರಕ್ತನಾಳಕ್ಕೆ ಗಾಯ ಮಾಡಿಸಿ ಜೊತೆಗೆ ಕೊಬ್ಬಿನ ಆಹಾರ ಕೊಟ್ಟು ನೋಡಿದರು. 1977ರಲ್ಲಿ ಒಂದು ಮೊಲದ ಹೃದಯವನ್ನೇ ಇನ್ನೊಂದಕ್ಕೆ ಕಸಿ ಮಾಡಿ ನೋಡಿದರು. ತಿರಸ್ಕಾರದ ಗಾಯ, ರಕ್ತದ ಕೊಬ್ಬು, ಇವೆರಡೂ ಸೇರಿದಾಗ ಆಗೋ ಹಾನಿ ಒಂದೊಂದೇ ಮಾಡೋದಕ್ಕಿಂತ ಬಹಳ ಹೆಚ್ಚು ಅಂತ ಗೊತ್ತಾಯ್ತು.

ಅಂದರೆ ನನ್ನ ಪೈಪಿನ ಹೋಲಿಕೆ ಇಲ್ಲಿಗೆ ಸಾಕಾಗಲ್ಲ. ಪೈಪು ನೀರಿನ ಜೊತೆ ಜಗಳ ಆಡೋದಿಲ್ಲ. ಇಲ್ಲಿ ಆಡುತ್ತೆ. ರಕ್ತನಾಳದ ಒಳಗೋಡೆಯ ತೆಳು ಪದರದಲ್ಲಿರೋ ಜೀವಕೋಶಗಳು ಹುಡುಗನವು. ಅವನ್ನ ಸವರಿಕೊಂಡು ದಿನವಿಡೀ ಹರಿಯೋ ಬಿಳಿ ರಕ್ತಕಣಗಳು ಮಾವನವು. ಔಷಧಿ ಎಷ್ಟೇ ತಡೆದರೂ ಅವು 'ನೀನ್ಯಾರೋ' ಅಂತ ಗೊಣಗ್ತಾ ಸಣ್ಣಸಣ್ಣ ಗಾಯ ಮಾಡ್ತಾನೇ ಇರ್ತವೆ. ಗಾಯ ಆದ ಗೋಡೆಯೊಳಕ್ಕೆ ಎಲ್‌ಡಿಎಲ್ ಸಲೀಸಾಗಿ ನುಗ್ಗುತ್ತೆ. (ನಮ್ಮ ಕಂಪನಿಗಳ ವಾರ್ಷಿಕ ಹೆಲ್ತ್ ಚೆಕಪ್ಪಿನ ಪಿಡಿಎಫ್‌ನಲ್ಲಿ ಕೆಂಪಕ್ಷರದಲ್ಲಿ ಬರುತ್ತಲ್ಲ, ಅದೇ ಎಲ್‌ಡಿಎಲ್. ನಂದು ಎರಡು ವರ್ಷದಿಂದ ಕೆಂಪಿನಲ್ಲೇ ಇದೆ, ಪಿಡಿಎಫ್ ಮುಚ್ಚಿ ಸುಮ್ಮನಾಗಿದ್ದೆ.) ಗೋಡೆಯ ಸ್ನಾಯು ಕೋಶಗಳು ಗಾಯಕ್ಕೆ ತೇಪೆ ಹಾಕೋಕೆ ಹೋಗಿ ಬೆಳೆದು ಬೆಳೆದು ದಾರಿಯನ್ನೇ ಮುಚ್ಚುತ್ತವೆ.

ನಮ್ಮ ನಿಮ್ಮಂಥವರ ಬ್ಲಾಕೇಜಿಗೂ ಇದಕ್ಕೂ ಇನ್ನೊಂದು ವ್ಯತ್ಯಾಸ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಕಡೆ ಗಂಟು ಕಟ್ಟುತ್ತೆ. ಸ್ಟೆಂಟ್ ಹಾಕಬಹುದು, ಬೈಪಾಸ್ ಮಾಡಬಹುದು. ಕಸಿ ಹೃದಯದಲ್ಲಿ ನಾಳದ ಉದ್ದಕ್ಕೂ, ತುದಿಯ ಕೂದಲೆಳೆ ಕವಲಿನ ತನಕ, ಸುತ್ತಲೂ ಸಮನಾಗಿ ದಪ್ಪಗಟ್ಟುತ್ತೆ. ಸ್ಟೆಂಟ್ ಎಲ್ಲಿ ಅಂತ ಹಾಕ್ತೀರಿ? ಮೇಲಾಗಿ ಎದೆನೋವೂ ಬರೋದಿಲ್ಲ. ಕಸಿ ಮಾಡುವಾಗ ಹೃದಯದ ನರಗಳನ್ನ ಕತ್ತರಿಸಿರ್ತಾರೆ, ಮತ್ತೆ ಜೋಡಿಸೋಕೆ ಆಗಲ್ಲ. ಮಾವ ಸುಮ್ಮನೆ ಕೂತಿದ್ದಾಗಲೂ ನಾಡಿ ನೂರರ ಹತ್ತಿರ ಇರುತ್ತೆ, ಯಾಕಂದ್ರೆ 'ನಿಧಾನ ಮಾಡು' ಅಂತ ಹೇಳೋ ನರವೇ ಇಲ್ಲ. ಹಾಗೆಯೇ 'ನೋಯ್ತಿದೆ' ಅಂತ ಹೇಳೋ ನರವೂ ಇಲ್ಲ. ಲಾಗ್ ಬರೆಯದ ಸರ್ವರ್ ಇದ್ದ ಹಾಗೆ. ಅದಕ್ಕೇ ಇಂಥ ರೋಗಿಗಳಿಗೆ ಏನೂ ತೊಂದರೆ ಇಲ್ಲದಿದ್ರೂ ಕಾಲಕಾಲಕ್ಕೆ ಆಂಜಿಯೋಗ್ರಾಮ್ ಮಾಡ್ತಾರೆ. "ಚೆನ್ನಾಗಿದ್ದೀನಿ, ಸುಮ್ನೆ ಯಾಕೆ ದುಡ್ಡು ಕೀಳ್ತಾರೆ" ಅಂತ ಮಾವ ಬೈತಿದ್ದಿದ್ದು ಇದನ್ನೇ.

ಮತ್ತೆ ಇತಿಹಾಸಕ್ಕೆ ಬರ್ತೀನಿ. ಬ್ಲೈಬರ್ಗ್ ಸತ್ತ ಮೇಲೆ ಈ ಕಾಯಿಲೆ ಬಗ್ಗೆ ಪ್ರಪಂಚ ತಲೆಕೆಡಿಸಿಕೊಳ್ಳಲಿಲ್ಲ. ಅದಕ್ಕೆ ಕಾರಣ ಕ್ರೂರ ಅನಿಸಿದರೂ ಸರಳ. ಈ ಕಾಯಿಲೆ ಬರೋಕೆ ಮೊದಲು ರೋಗಿ ಬದುಕಿರಬೇಕಲ್ಲ. 1968ರ ಉತ್ಸಾಹದಲ್ಲಿ ಕಸಿ ಮಾಡಿಸಿಕೊಂಡ ಹೆಚ್ಚಿನವರು ವರ್ಷ ದಾಟಲಿಲ್ಲ, ಒಂದೋ ತಿರಸ್ಕಾರ, ಇಲ್ಲಾ ಸೋಂಕು. ಆಸ್ಪತ್ರೆಗಳು ಒಂದೊಂದಾಗಿ ಕೈಬಿಟ್ಟವು. ಹಠ ಹಿಡಿದು ಮುಂದುವರಿಸಿದ ಕೆಲವರಲ್ಲಿ ಮುಖ್ಯರಾದವರು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಶಮ್ವೇ. ಬರ್ನಾರ್ಡ್ ಬಳಸಿದ ವಿಧಾನವನ್ನ ವರ್ಷಗಟ್ಟಲೆ ನಾಯಿಗಳ ಮೇಲೆ ರೂಪಿಸಿದವರು ಶಮ್ವೇ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ಲೋವರ್, ಹೆಸರು ಮಾತ್ರ ಬರ್ನಾರ್ಡ್‌ಗೆ ಹೋಯಿತು. ಇದನ್ನ ಓದುವಾಗ ಪ್ರತಿಯೊಬ್ಬ ಇಂಜಿನಿಯರ್‌ಗೂ ತನ್ನ ಟೀಮಿನ ಯಾರೋ ಒಬ್ಬರು ನೆನಪಾಗ್ತಾರೆ. ಶಮ್ವೇ ತಂಡ ತಮ್ಮ ರೋಗಿಗಳ ಕೊರೋನರಿ ನಾಳಗಳನ್ನ ಬಿಡದೆ ಗಮನಿಸಿತು, ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಕೊಟ್ಟಿತು, ಕೊಬ್ಬು ಕಡಿಮೆ ಮಾಡಿ ಅಂತ ಊಟ ಬದಲಿಸಿತು.

ಆಮೇಲೆ ಬಂತು ಸೈಕ್ಲೋಸ್ಪೋರಿನ್. ಇದು ಸಿಕ್ಕಿದ್ದು ನಾರ್ವೆಯ ಹಾರ್ಡಂಗರ್‌ವಿಡ್ಡ ಅನ್ನೋ ಬೋಳು ಪ್ರಸ್ಥಭೂಮಿಯ ಒಂದು ಹಿಡಿ ಮಣ್ಣಿನಲ್ಲಿ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಉದ್ಯೋಗಿಗಳು ರಜೆಗೆ ಹೋದಲ್ಲೆಲ್ಲ ಮಣ್ಣು ತರುತ್ತಿದ್ದರು, 1969ರಲ್ಲಿ ಒಬ್ಬರು ಅಲ್ಲಿಂದ ತಂದಿದ್ದರು. ಬ್ಲೈಬರ್ಗ್ ಸತ್ತ ವರ್ಷವೇ ನೋಡಿ. ಆ ಮಣ್ಣಿನ ಶಿಲೀಂಧ್ರದಲ್ಲಿದ್ದ ಅಂಶ ರೋಗ ನಿರೋಧಕ ವ್ಯವಸ್ಥೆಯನ್ನ ಪೂರ್ತಿ ಮಲಗಿಸದೆ ತಿರಸ್ಕಾರವನ್ನಷ್ಟೇ ಹದ್ದುಬಸ್ತಿನಲ್ಲಿಡುತ್ತೆ ಅಂತ 1972ರ ಸುಮಾರಿಗೆ ಗೊತ್ತಾಯ್ತು. 1980ರ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ಅದನ್ನ ಹೃದಯ ಕಸಿಗೆ ಬಳಸಿತು, 1983ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಮುಚ್ಚಿದ್ದ ಕಸಿ ಕೇಂದ್ರಗಳೆಲ್ಲ ಮತ್ತೆ ಬಾಗಿಲು ತೆರೆದವು.

ರೋಗಿಗಳು ಐದು ವರ್ಷ, ಹತ್ತು ವರ್ಷ ಬದುಕತೊಡಗಿದರು. ಬ್ಲೈಬರ್ಗ್‌ನ ಕಾಯಿಲೆ ಈಗ ಸಾಲುಸಾಲಾಗಿ ಕಾಣಿಸಿತು. ಐದು ವರ್ಷಕ್ಕೆ ಸುಮಾರು ಮೂವರಲ್ಲಿ ಒಬ್ಬರಿಗೆ, ಹತ್ತು ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ. ಸಾಲದ್ದಕ್ಕೆ ಜೀವ ಉಳಿಸಿದ ಸೈಕ್ಲೋಸ್ಪೋರಿನ್ನೇ ಸ್ಟೀರಾಯ್ಡ್ ಜೊತೆ ಸೇರಿ ಕೊಲೆಸ್ಟ್ರಾಲ್ ಏರಿಸುತ್ತೆ. ಒಂದು ಬಗ್ ಸರಿ ಮಾಡಿದ ಪ್ಯಾಚ್ ಇನ್ನೊಂದನ್ನ ಹುಟ್ಟಿಸೋದು ನಮಗೆ ಹೊಸದಲ್ಲ, ಇಲ್ಲಿ ಹುಟ್ಟಿದ್ದು ಮನುಷ್ಯರ ಎದೆಯಲ್ಲಿ ಅಷ್ಟೇ.

ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ ಆಗ ಇರಲಿಲ್ವಾ? ಆಗಷ್ಟೇ ಬರ್ತಿತ್ತು, ಅದೂ ಒಂದು ಬೂಷ್ಟಿನಿಂದ. ಈ ಕಥೆ ನನಗೆ ತುಂಬಾ ಇಷ್ಟ. ಅಕಿರಾ ಎಂಡೊ, ಉತ್ತರ ಜಪಾನಿನ ಅಕಿಟಾ ಪ್ರಾಂತ್ಯದ ರೈತರ ಮನೆ ಹುಡುಗ. ಚಿಕ್ಕಂದಿನಿಂದ ಅಣಬೆ, ಬೂಷ್ಟು ಅಂದ್ರೆ ಆಸಕ್ತಿ. ಬೂಷ್ಟುಗಳು ತಮ್ಮ ಶತ್ರು ಸೂಕ್ಷ್ಮಜೀವಿಗಳನ್ನ ಕೊಲ್ಲೋಕೆ ಅವುಗಳ ಕೊಲೆಸ್ಟ್ರಾಲ್‌ನಂಥ ವಸ್ತುವಿನ ತಯಾರಿಯನ್ನೇ ತಡೆಯುತ್ತಿರಬಹುದು ಅಂತ ಊಹಿಸಿ, 1971ರಲ್ಲಿ ಟೋಕಿಯೋದ ಸ್ಯಾಂಕ್ಯೋ ಕಂಪನಿಯಲ್ಲಿ ಹುಡುಕಾಟ ಶುರು ಮಾಡಿದರು. ಎರಡು ವರ್ಷದಲ್ಲಿ ಸುಮಾರು ಆರು ಸಾವಿರ ಸೂಕ್ಷ್ಮಜೀವಿಗಳನ್ನ ಪರೀಕ್ಷಿಸಿದರು. ಕೊನೆಗೆ ಕ್ಯೋಟೋದ ಒಂದು ಧಾನ್ಯದಂಗಡಿಯ ಅಕ್ಕಿಯಿಂದ ಬಂದ ನೀಲಿ-ಹಸಿರು ಬೂಷ್ಟಿನಲ್ಲಿ ಸಿಕ್ಕಿತು. ಅದಕ್ಕೆ ಕಾಂಪ್ಯಾಕ್ಟಿನ್ ಅಂತ ಹೆಸರಾಯ್ತು. ಇವತ್ತಿನ ಸ್ಟ್ಯಾಟಿನ್ ಮಾತ್ರೆಗಳ ಮೂಲಪುರುಷ.

ಇಲಿಗಳಿಗೆ ಕೊಟ್ಟು ನೋಡಿದರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಅಲ್ಲಿಗೆ ಪ್ರಾಜೆಕ್ಟ್ ಮುಚ್ಚಬೇಕಿತ್ತು. ಕಂಪನಿಯ ಇನ್ನೊಬ್ಬರು ಬೇರೆ ಪ್ರಯೋಗಕ್ಕೆ ಮೊಟ್ಟೆ ಕೋಳಿ ಸಾಕಿದ್ದರು. ಮೊಟ್ಟೆ ಇಡೋ ಕೋಳಿ ಅಂದ ಮೇಲೆ ರಕ್ತದಲ್ಲಿ ಕೊಲೆಸ್ಟ್ರಾಲ್ ಇದ್ದೇ ಇರುತ್ತಲ್ಲ ಅಂತ ಅವಕ್ಕೆ ಕೊಟ್ಟು ನೋಡಿದರು. ಸುಮಾರು ಅರ್ಧಕ್ಕರ್ಧ ಇಳಿಯಿತು. ಮುಂದೆ ನಾಯಿಗಳಲ್ಲಿ ಅಡ್ಡಪರಿಣಾಮದ ಅನುಮಾನ ಬಂದು ಕಾಂಪ್ಯಾಕ್ಟಿನ್ ನಿಂತಿತು. ಅಮೆರಿಕದ ಮರ್ಕ್ ಕಂಪನಿ ಬೇರೊಂದು ಬೂಷ್ಟಿನಿಂದ ತೆಗೆದ ಲೋವಾಸ್ಟ್ಯಾಟಿನ್ 1987ರಲ್ಲಿ ಮೊದಲು ಮಾರುಕಟ್ಟೆಗೆ ಬಂತು. ಎಂಡೊ 2024ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು, ನೊಬೆಲ್ ಬರಲಿಲ್ಲ.

ಲೋವಾಸ್ಟ್ಯಾಟಿನ್ ಬಂದ ಕೂಡಲೇ ಕಸಿ ಡಾಕ್ಟರುಗಳು ಅದನ್ನ ತಮ್ಮ ರೋಗಿಗಳಿಗೆ ಕೊಟ್ಟರು. 1988ರಲ್ಲೇ ಆಘಾತದ ವರದಿಗಳು ಬಂದವು. ಸೈಕ್ಲೋಸ್ಪೋರಿನ್ ಜೊತೆ ಸೇರಿದಾಗ ರಕ್ತದಲ್ಲಿ ಲೋವಾಸ್ಟ್ಯಾಟಿನ್ ಮಟ್ಟ ವಿಪರೀತ ಏರಿ, ಕೆಲವರ ಮಾಂಸಖಂಡಗಳೇ ಕರಗಿ, ಆ ಕಸ ಕಿಡ್ನಿಗೆ ಹೋಗಿ ಕಿಡ್ನಿ ಕೈಕೊಟ್ಟಿತು. ಎರಡು ಔಷಧಿಗಳೂ ದೇಹದಿಂದ ಹೊರಹೋಗೋ ದಾರಿ ಒಂದೇ, ಅಲ್ಲಿ ಟ್ರಾಫಿಕ್ ಜಾಮ್. ಅಂದಹಾಗೆ ಮಾವನಿಗೆ ಚಕ್ಕೋತ ತಿನ್ನಬೇಡಿ ಅಂತ ಹೇಳಿರೋದೂ ಇದೇ ಜಾಮಿನ ದೆಸೆಯಿಂದ. ಚಕ್ಕೋತ, ಅದರ ನೆಂಟ ಗ್ರೇಪ್‌ಫ್ರೂಟ್, ಎರಡೂ ಇದೇ ದಾರಿಗೆ ಅಡ್ಡ ಕಟ್ಟಿ ಔಷಧಿಯ ಮಟ್ಟ ಏರಿಸುತ್ತವೆ. ಅಂಗಳದಲ್ಲೇ ಮರ ಇದೆ ಪಾಪ, ಹಣ್ಣೆಲ್ಲ ಹಂಚಿಬಿಡ್ತಾರೆ.

ಹೀಗೆ ಡಾಕ್ಟರುಗಳ ಮುಂದೆ ಎರಡೂ ಕಡೆ ಪ್ರಪಾತ. ಕೊಲೆಸ್ಟ್ರಾಲ್ ಬಿಟ್ಟರೆ ನಾಳ ಮುಚ್ಚುತ್ತೆ, ಮಾತ್ರೆ ಕೊಟ್ಟರೆ ಮಾಂಸ ಕರಗುತ್ತೆ. ಆಗ ಕೈಗೆ ಬಂದದ್ದು ಪ್ರವಾಸ್ಟ್ಯಾಟಿನ್. ಅದು ದೇಹದಿಂದ ಹೋಗೋ ದಾರಿ ಸ್ವಲ್ಪ ಬೇರೆ. ಅದನ್ನ ತಯಾರಿಸಿದ್ದು ಅದೇ ಸ್ಯಾಂಕ್ಯೋ, ಅದೇ ಕಾಂಪ್ಯಾಕ್ಟಿನ್ನನ್ನ ಇನ್ನೊಂದು ಸೂಕ್ಷ್ಮಜೀವಿಯಿಂದ ಮಾರ್ಪಡಿಸಿ. ಅಕ್ಕಿ ಅಂಗಡಿಯ ಬೂಷ್ಟು ಬೇರೆ ವೇಷದಲ್ಲಿ ವಾಪಸ್ ಬಂದಿತ್ತು.

ಲಾಸ್ ಏಂಜಲೀಸಿನ ಯುಸಿಎಲ್‌ಎಯಲ್ಲಿ ಜಾನ್ ಕೊಬಾಶಿಗಾವ ಅನ್ನೋ ಹೃದಯ ತಜ್ಞರು ಹೊಸದಾಗಿ ಕಸಿಯಾದ 97 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 47 ಜನಕ್ಕೆ ಎರಡು ವಾರದೊಳಗೆ ಪ್ರವಾಸ್ಟ್ಯಾಟಿನ್ ಶುರು, 50 ಜನಕ್ಕೆ ಇಲ್ಲ. ಫಲಿತಾಂಶ 1995ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ವರ್ಷದ ಕೊನೆಗೆ ಸರಾಸರಿ ಕೊಲೆಸ್ಟ್ರಾಲ್ ಮಾತ್ರೆ ತಗೊಂಡವರಲ್ಲಿ 193, ತಗೊಳ್ಳದವರಲ್ಲಿ 248. ನಾಳದ ಕಾಯಿಲೆ ಇವರಲ್ಲಿ 3 ಜನಕ್ಕೆ, ಅವರಲ್ಲಿ 10 ಜನಕ್ಕೆ. ಒಂದು ವರ್ಷ ಬದುಕುಳಿದವರು ಇವರಲ್ಲಿ 94%, ಅವರಲ್ಲಿ 78%.

ಈ ಕೊನೆಯ ಸಾಲನ್ನ ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಮಾತ್ರೆ ತಗೊಂಡ 47ರಲ್ಲಿ ಸತ್ತವರು 3. ತಗೊಳ್ಳದ 50ರಲ್ಲಿ 11.

ಅವರಿಗೇ ಅಚ್ಚರಿ ತಂದದ್ದು ಇನ್ನೊಂದು. ಹೃದಯದ ಕೆಲಸವನ್ನೇ ಕೆಡಿಸುವಂಥ ಗಂಭೀರ ತಿರಸ್ಕಾರ ಮಾತ್ರೆಯವರಲ್ಲಿ 3 ಜನಕ್ಕೆ ಆದರೆ, ಮಾತ್ರೆ ಇಲ್ಲದವರಲ್ಲಿ 14 ಜನಕ್ಕೆ. ಕೊಲೆಸ್ಟ್ರಾಲ್ ಮಾತ್ರೆ ದೇಹದ ಜಗಳವನ್ನೂ ತಣಿಸಿತ್ತು! ಸ್ಟ್ಯಾಟಿನ್‌ಗಳು ರೋಗ ನಿರೋಧಕ ಕೋಶಗಳ ಒಂದು ಸಂಕೇತವನ್ನೂ ಕುಗ್ಗಿಸುತ್ತವೆ ಅಂತ 2000ದಲ್ಲಿ ಜಿನೀವಾದ ಸಂಶೋಧಕರು ಪ್ರಯೋಗಾಲಯದಲ್ಲಿ ತೋರಿಸಿದರು. 1997ರಲ್ಲಿ ಮ್ಯೂನಿಕ್‌ನವರು ಸಿಂವಾಸ್ಟ್ಯಾಟಿನ್ ಕೊಟ್ಟು ನಾಲ್ಕು ವರ್ಷ ನೋಡಿದಾಗಲೂ ಬದುಕುಳಿದವರು ಮಾತ್ರೆಯ ಗುಂಪಿನಲ್ಲೇ ಹೆಚ್ಚು. ಅಲ್ಲಿಂದ ಮುಂದೆ, ಹೃದಯ ಕಸಿಯಾದವರಿಗೆ ಕೊಲೆಸ್ಟ್ರಾಲ್ ಎಷ್ಟೇ ಇರಲಿ, ಸ್ಟ್ಯಾಟಿನ್ ಕೊಡೋದು ಪದ್ಧತಿಯೇ ಆಯ್ತು.

ಕೊಲೆಸ್ಟ್ರಾಲ್ ಸಂಖ್ಯೆ ಒಂದೇ ವಿಲನ್ ಅಂತ ಇಷ್ಟರಿಂದ ತೀರ್ಮಾನಿಸಬೇಡಿ. ನಾನೂ ಹಾಗೇ ಅಂದುಕೊಂಡು ಖುಷಿಯಾಗಿದ್ದೆ, ಆಮೇಲೆ ಎವರೊಲಿಮಸ್ ಅನ್ನೋ ಔಷಧಿ ಬಗ್ಗೆ ಓದಿದೆ. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಔಷಧಿಯೊಂದರ ತಮ್ಮ ಅದು. 2003ರ ಅಧ್ಯಯನದಲ್ಲಿ ಅದನ್ನ ತಗೊಂಡವರ ನಾಳಗಳು ಕಡಿಮೆ ದಪ್ಪಗಟ್ಟಿದವು. ತಮಾಷೆ ಏನಂದ್ರೆ ಅದು ರಕ್ತದ ಕೊಬ್ಬನ್ನ ಏರಿಸೋ ಔಷಧಿ. ಸ್ನಾಯು ಕೋಶಗಳ ಬೆಳವಣಿಗೆಯನ್ನೇ ತಡೆಯೋದರಿಂದ, ಕೊಬ್ಬು ಏರಿದರೂ ಗೋಡೆ ದಪ್ಪ ಆಗೋದು ಕಡಿಮೆ. ಅದರ ಜೊತೆಗೂ ಸ್ಟ್ಯಾಟಿನ್ ಕೊಡ್ತಾರೆ ಅನ್ನಿ. ಅನಿಚ್ಕೋವ್ ಮೊಲ ಅರ್ಧ ಸತ್ಯ ಹೇಳಿತ್ತು, ಮಿನಿಕ್ ಮೊಲ ಉಳಿದರ್ಧ ಹೇಳಿತ್ತು.

ಭಾರತದಲ್ಲಿ ಸೇನ್ ಅವರ ನಂತರ ಹೃದಯ ಕಸಿ ಯಶಸ್ವಿಯಾಗೋಕೆ 26 ವರ್ಷ ಬೇಕಾಯ್ತು. ಮೆದುಳು ಸತ್ತರೆ ಮನುಷ್ಯ ಸತ್ತ ಹಾಗೆ ಅಂತ ಒಪ್ಪುವ ಕಾನೂನು ಬಂದದ್ದೇ 1994ರಲ್ಲಿ. ಅದೇ ವರ್ಷ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಮಾಡಿದ ಕಸಿ ಗೆದ್ದಿತು. ಈಗ ಕರ್ನಾಟಕದಲ್ಲಿ ಅಂಗಗಳ ಸರದಿ ನೋಡಿಕೊಳ್ಳೋಕೆ 'ಜೀವಸಾರ್ಥಕತೆ' ಅನ್ನೋ ಸರ್ಕಾರಿ ವ್ಯವಸ್ಥೆ ಇದೆ. ಸಿಲ್ಕ್ ಬೋರ್ಡಿನಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಆಂಬುಲೆನ್ಸಿಗೆ ದಾರಿ ಬಿಡಿಸಿದಾಗ ಹಾರ್ನ್ ಹೊಡೆಯೋ ಬೆಂಗಳೂರು ಕೂಡ ಒಂದು ನಿಮಿಷ ಸುಮ್ಮನಿರುತ್ತೆ. ಆ ಒಂದು ನಿಮಿಷದ ಸುದ್ದಿ ಪೇಪರಿನಲ್ಲಿ ಬರುತ್ತೆ. ಆಮೇಲಿನ ಹತ್ತು ವರ್ಷ ರಾತ್ರಿ ಊಟವಾದ ಮೇಲೆ ನುಂಗೋ ಮಾತ್ರೆಯ ಸುದ್ದಿ ಯಾವ ಪೇಪರಿನಲ್ಲೂ ಬರಲ್ಲ.

ಇಷ್ಟನ್ನೂ ಮಾವನಿಗೆ ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಸಂಕ್ರಾಂತಿಗೆ ಹೋದಾಗ ತೋಟಕ್ಕೆ ಕರೆದುಕೊಂಡು ಹೋದೆ. ಹಳೇ ಡ್ರಿಪ್ ಪೈಪಿನ ತುಂಡೊಂದು ತೆಂಗಿನ ಬುಡದಲ್ಲಿ ಬಿದ್ದಿತ್ತು. ಕುಡುಗೋಲಲ್ಲಿ ಸೀಳಿ ಒಳಗಿನ ಬಿಳೀ ಪದರ ತೋರಿಸಿದೆ. ಬ್ಲೈಬರ್ಗ್ ಕಥೆ ಹೇಳಿದೆ, 24 ವರ್ಷದ ಹುಡುಗನ ಹೃದಯ 19 ತಿಂಗಳಲ್ಲಿ ಏನಾಯ್ತು ಅಂತ ಹೇಳಿದೆ. 47ರಲ್ಲಿ 3, 50ರಲ್ಲಿ 11 ಅಂತ ಲೆಕ್ಕಾನೂ ಹೇಳಿದೆ.

ಮಾವ ಪೈಪಿನ ತುಂಡನ್ನ ಕೈಯಲ್ಲಿ ತಿರುಗಿಸ್ತಾ ಬಹಳ ಹೊತ್ತು ಮಾತಾಡಲಿಲ್ಲ.

"ಅಂದ್ರೆ ಆ ಹುಡುಗನ ಹಾರ್ಟನ್ನ ನನ್ ರಕ್ತವೇ ಹಾಳು ಮಾಡ್ತಿದೆ ಅನ್ನು."

"ಮಾಡಬಹುದು ಮಾವ. ಮಾತ್ರೆ ತಗೊಂಡ್ರೆ ಕಮ್ಮಿ ಆಗುತ್ತೆ."

"ಅವ್ರಮ್ಮ ಎಲ್ಲೋ ಇದಾಳೆ ಕಣೋ. ಮಗನ ಹಾರ್ಟು ಇನ್ನೂ ಹೊಡ್ಕೊತಿದೆ ಅಂದ್ಕೊಂಡಿರ್ತಾಳೆ."

ನಾನು ಏನೂ ಹೇಳಲಿಲ್ಲ. ಮಾವ ಪೈಪಿನ ತುಂಡನ್ನ ಬೇಲಿ ಆಚೆ ಎಸೆದು, ಪಂಚೆಗೆ ಕೈ ಒರೆಸಿಕೊಂಡು ಎದ್ದರು. ಮನೆ ಕಡೆ ನಾಲ್ಕು ಹೆಜ್ಜೆ ಹೋದವರು ತಿರುಗಿ ಕೇಳಿದರು.

"ಎರಡು ತಿಂಗ್ಳು ಬಿಟ್ಟಿದ್ದೀನಲ್ಲ, ಈಗ ಮೊದ್ಲಿನಷ್ಟೇ ತಗೋಬೇಕೋ, ಡಾಕ್ಟ್ರನ್ನ ಕೇಳ್ಬೇಕೋ?"

ಅಲ್ಲೇ ತೋಟದಲ್ಲಿ ನಿಂತು, ಸಿಗ್ನಲ್ ಸಿಗೋ ಕಡೆ ನಾಲ್ಕು ಹೆಜ್ಜೆ ಸರಿದು, ಆಸ್ಪತ್ರೆಯ ನಂಬರಿಗೆ ಫೋನ್ ಹಚ್ಚಿದೆ.